ಪಟ್ಟಿಗೆ ಸೇರಿದ ಪರಂಪರೆ, ಹೊರಗೆ ಉಳಿದ ಜನ: ಪುಣೆಯ ಸಂಸ್ಥೆಗಳಿಂದ ಕರ್ನಾಟಕ ಕಲಿಯಬೇಕಾದ್ದೇನು?

2025ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಮರಾಠರ ಕಾಲದ 12 ಕೋಟೆಗಳು ಸೇರಿದವು. ಹನ್ನೊಂದು ಕೋಟೆಗಳು ಮಹಾರಾಷ್ಟ್ರದಲ್ಲಿವೆ, ಒಂದು ತಮಿಳುನಾಡಿನ ಸೆಂಜಿಯಲ್ಲಿದೆ. ಶಿವನೇರಿ, ಲೋಹಗಡ ಮತ್ತು ರಾಜಗಡ ಎಂಬ ಮೂರು ಕೋಟೆಗಳು ಪುಣೆ ಜಿಲ್ಲೆಗೇ ಸೇರಿವೆ. ಸುದ್ದಿ ಬಂದ ದಿನ ಪುಣೆಯಲ್ಲಿ ಸಂಭ್ರಮ ಇದ್ದದ್ದು ಸಹಜ. ಆದರೆ ಕೋಟೆಗಳಿಗೆ ಸಿಕ್ಕ ಈ ಮನ್ನಣೆ ಆ ನಗರದ ಒಳಗಿನ ಇನ್ನೊಂದು ಪ್ರಶ್ನೆಯನ್ನು ಮತ್ತೆ ಮುಂದೆ ತಂದಿದೆ. ಹಸ್ತಪ್ರತಿ ಭಂಡಾರ, ವಸ್ತುಸಂಗ್ರಹಾಲಯ, ಸಂಗೀತ ಸಭೆ, ಸಿನಿಮಾ ಸಂಗ್ರಹಾಲಯ ಇವೆಲ್ಲ ಯಾರಿಗಾಗಿ ಇವೆ? ವಿದ್ವಾಂಸರಿಗೆ ಮತ್ತು ಪ್ರವಾಸಿಗರಿಗೆ ಮಾತ್ರವೇ, ಅಥವಾ ಪಕ್ಕದ ಬೀದಿಯಲ್ಲಿ ವಾಸಿಸುವ ಸಾಮಾನ್ಯರಿಗೂ ಅವುಗಳಲ್ಲಿ ಪಾಲಿದೆಯೇ?

ಈ ಪ್ರಶ್ನೆ ಪುಣೆಗೆ ಮಾತ್ರ ಸೀಮಿತವಲ್ಲ. ಧಾರವಾಡ, ಮೈಸೂರು, ಬೆಂಗಳೂರಿನ ಸಂಸ್ಥೆಗಳೂ ಇದನ್ನೇ ಎದುರಿಸುತ್ತಿವೆ. ಆದರೆ ಪುಣೆಯಲ್ಲಿ ಇದಕ್ಕೆ ಹಲವು ಬಗೆಯ ಉತ್ತರಗಳು ಒಂದೇ ಊರಿನಲ್ಲಿ ಸಿಗುತ್ತವೆ. ಕೆಲವು ಸಂಸ್ಥೆಗಳು ಜನರನ್ನು ಗೆದ್ದಿವೆ, ಕೆಲವು ಜನರಿಂದ ದೂರ ಉಳಿದು ಬೆಲೆ ತೆತ್ತಿವೆ. ಈ ಕಥೆಯಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲ ಎಂಬುದು ಇನ್ನೊಂದು ಕಾರಣ.

ಪುಣೆಗೂ ಕನ್ನಡಕ್ಕೂ ಏನು ನಂಟು?

1956ರಲ್ಲಿ ಭಾಷಾವಾರು ರಾಜ್ಯ ರಚನೆಯಾಗುವವರೆಗೂ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲಿದ್ದವು. ಆ ಭಾಗದ ಹುಡುಗರು ಹೆಚ್ಚಿನ ಓದಿಗೆ ಹೋಗುತ್ತಿದ್ದ ಊರುಗಳಲ್ಲಿ ಪುಣೆ ಮುಖ್ಯವಾದದ್ದು. ದ.ರಾ. ಬೇಂದ್ರೆ ಪದವಿ ಪಡೆದದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ. ವಿ.ಕೃ. ಗೋಕಾಕರು ಅದೇ ಕಾಲೇಜಿನಲ್ಲಿ ಪಾಠ ಮಾಡಿದ್ದರು. ಗದಗದಲ್ಲಿ ಹುಟ್ಟಿದ ಭೀಮಸೇನ ಜೋಶಿ ಬದುಕು ಕಟ್ಟಿಕೊಂಡದ್ದು ಪುಣೆಯಲ್ಲಿ. ಗಿರೀಶ್ ಕಾರ್ನಾಡರು 1970ರ ದಶಕದಲ್ಲಿ ಇಲ್ಲಿನ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಗಿರೀಶ್ ಕಾಸರವಳ್ಳಿ ಅಲ್ಲೇ ಕಲಿತು ಬಂದವರು.

ಇಂದಿನ ಚಿತ್ರವೂ ಹಾಗೆಯೇ ಇದೆ. ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು, ಹೋಟೆಲ್ ನಡೆಸುವ ಕರಾವಳಿಯವರು, ಕಟ್ಟಡ ಕೆಲಸಕ್ಕೆ ಹೋಗುವ ಕಲಬುರಗಿ, ಯಾದಗಿರಿ, ವಿಜಯಪುರದ ಕಾರ್ಮಿಕರು ಎಲ್ಲರೂ ಈ ನಗರದಲ್ಲಿದ್ದಾರೆ. ಪುಣೆಯ ಕನ್ನಡ ಸಂಘ ಶಾಲೆ ಕಾಲೇಜುಗಳನ್ನು ನಡೆಸುತ್ತಿದೆ. ಸಂಸ್ಕೃತಿ ಸಂಸ್ಥೆಗಳು 'ವಿಶಾಲ ಪ್ರೇಕ್ಷಕವರ್ಗ' ಎಂದು ಹೇಳುವಾಗ ಅದರಲ್ಲಿ ಇವರೂ ಸೇರಬೇಕು.

ಕುಂದಗೋಳದ ಗುರು, ಪುಣೆಯ ಉತ್ಸವ

ಜನರನ್ನು ಗೆದ್ದ ಸಂಸ್ಥೆಗೆ ಪುಣೆಯಲ್ಲಿ ಮೊದಲ ಉದಾಹರಣೆ ಸವಾಯಿ ಗಂಧರ್ವ ಉತ್ಸವ. ರಾಮಭಾವು ಕುಂದಗೋಳಕರ್ ಎಂಬ ಧಾರವಾಡ ಜಿಲ್ಲೆಯ ಗಾಯಕ 'ಸವಾಯಿ ಗಂಧರ್ವ' ಎಂಬ ಹೆಸರಿನಿಂದ ಪ್ರಸಿದ್ಧರಾದವರು. ಅಬ್ದುಲ್ ಕರೀಂ ಖಾನರ ಶಿಷ್ಯ, ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದ ನಟ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಅವರ ಶಿಷ್ಯರು. 1952ರಲ್ಲಿ ಗುರು ತೀರಿಕೊಂಡ ಮರುವರ್ಷ, 1953ರಲ್ಲಿ, ಶಿಷ್ಯರು ಪುಣೆಯಲ್ಲಿ ಸ್ಮರಣೆಯ ಸಂಗೀತ ಕೂಟ ಆರಂಭಿಸಿದರು. ಆರ್ಯ ಸಂಗೀತ ಪ್ರಸಾರಕ ಮಂಡಳದ ಮೂಲಕ ಅದನ್ನು ದಶಕಗಳ ಕಾಲ ಹೊತ್ತು ನಡೆಸಿದವರು ಭೀಮಸೇನ ಜೋಶಿ. 2011ರಲ್ಲಿ ಅವರು ನಿಧನರಾದ ಬಳಿಕ ಉತ್ಸವದ ಹೆಸರಿಗೆ ಅವರ ಹೆಸರೂ ಸೇರಿತು.

ಗುರುವಿನ ನೆನಪಿನ ಕಾರ್ಯಕ್ರಮಗಳು ದೇಶದ ಎಲ್ಲ ಕಡೆ ನಡೆಯುತ್ತವೆ. ಇದೊಂದು ಮಾತ್ರ ಸಾವಿರಾರು ಜನ ಪ್ರತಿ ಡಿಸೆಂಬರ್‌ನಲ್ಲಿ ಕಾಯುವ ಹಬ್ಬವಾದದ್ದು ಹೇಗೆ? ಭೀಮಸೇನರ ಜನಪ್ರಿಯತೆ ಒಂದು ಕಾರಣ, ನಿಜ. ಆದರೆ ಅವರು ಹೋದ ಮೇಲೂ ಉತ್ಸವ ಕುಗ್ಗಲಿಲ್ಲ. ಹಾಗಾಗಿ ವ್ಯಕ್ತಿಯ ವರ್ಚಸ್ಸಿನಿಂದ ಮಾತ್ರ ಇದನ್ನು ವಿವರಿಸಲಾಗದು.

ಮೂರು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು, ಆಸನ ವ್ಯವಸ್ಥೆ. ಸಭಾಂಗಣದ ಬದಲು ದೊಡ್ಡ ಮೈದಾನದ ಪೆಂಡಾಲ್. ಕುರ್ಚಿಗೆ ಹೆಚ್ಚು ದರ ಕೊಡಲಾಗದವರಿಗೆ ನೆಲದ ಮೇಲೆ ಕೂರುವ ಭಾರತೀಯ ಬೈಠಕ್ ಇದೆ. ಅದರ ದರ ಕಡಿಮೆ. ಇಡೀ ಉತ್ಸವಕ್ಕೆ ಒಂದೇ ಪಾಸ್ ಪಡೆಯಬಹುದು. ಎರಡನೆಯದು, ಸಮಯ. ಹಲವು ಗಂಟೆ ನಡೆಯುವ ಕಾರ್ಯಕ್ರಮದಲ್ಲಿ ನಡುವೆ ಎದ್ದು ಹೋಗಿ ತಿಂಡಿ ತಿಂದು ಮರಳಿ ಬರಬಹುದು. ರಾಗ ಗೊತ್ತಿಲ್ಲದವರಿಗೂ ಅಲ್ಲಿ ಮುಜುಗರವಿಲ್ಲ. ಮೂರನೆಯದು, ವೇದಿಕೆ. ಹೆಸರಾಂತ ಕಲಾವಿದರ ಜೊತೆಗೆ ಹೊಸಬರಿಗೂ ಅವಕಾಶ ಸಿಗುತ್ತದೆ, ಗಾಯನದ ಜೊತೆ ವಾದ್ಯ ಮತ್ತು ನೃತ್ಯವೂ ಇರುತ್ತದೆ. ಇಲ್ಲಿ ಹಾಡಿದರೆ ದೇಶ ಗಮನಿಸುತ್ತದೆ ಎಂಬ ನಂಬಿಕೆ ಯುವ ಕಲಾವಿದರಲ್ಲಿದೆ.

ಈ ಉತ್ಸವಕ್ಕೆ ಪೆಟ್ಟು ಬೀಳಲೇ ಇಲ್ಲ ಎಂದಲ್ಲ. ಮೊದಲು ರಾತ್ರಿಯಿಡೀ ನಡೆಯುತ್ತಿದ್ದ ಕಛೇರಿಗಳಿಗೆ 2000ರ ಶಬ್ದಮಾಲಿನ್ಯ ನಿಯಮಗಳು ತಡೆ ಹಾಕಿದವು. ರಾತ್ರಿ 10 ಗಂಟೆಯ ಮಿತಿ ಬಂತು, ವಿಶೇಷ ಅನುಮತಿ ಸಿಕ್ಕ ದಿನ ಮಾತ್ರ ಮಧ್ಯರಾತ್ರಿಯವರೆಗೆ ಹಾಡಬಹುದು. ಬೆಳಗಿನ ಜಾವದ ರಾಗಗಳನ್ನು ಆ ಹೊತ್ತಿನಲ್ಲೇ ಕೇಳುವ ಸುಖ ಹೋಯಿತು. ದಶಕಗಳ ಕಾಲ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆದ ಉತ್ಸವ ಮುಕುಂದನಗರಕ್ಕೆ ಸ್ಥಳಾಂತರವಾಯಿತು. ಸಂಘಟಕರು ಹಠ ಹಿಡಿಯಲಿಲ್ಲ, ದಿನಗಳನ್ನು ಹೆಚ್ಚಿಸಿ ಸಂಜೆಯ ವೇಳೆಗೆ ಹೊಂದಿಸಿಕೊಂಡರು. ಬಿಡದೆ ಉಳಿಸಿಕೊಂಡದ್ದು ಕೊನೆಯ ಆಚರಣೆಯನ್ನು. ಎಲ್ಲರ ಹಾಡು ಮುಗಿದ ಮೇಲೆ ಸವಾಯಿ ಗಂಧರ್ವರ ಹಳೆಯ ಭೈರವಿ ಧ್ವನಿಮುದ್ರಿಕೆ ಕೇಳಿಸಿ ಉತ್ಸವ ಮುಗಿಸುವುದು ಇಲ್ಲಿನ ಪರಿಪಾಠ. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬ ತಿಳಿವಳಿಕೆ ಇದರಲ್ಲಿದೆ.

ಭಂಡಾರ್ಕರ್ ಸಂಸ್ಥೆ: 2004ರ ಆ ದಿನ

ಎರಡನೇ ಉದಾಹರಣೆ ನೋವಿನದು. ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಲ ಭಂಡಾರ್ಕರ್ ಹೆಸರಿನಲ್ಲಿ 1917ರ ಜುಲೈ 6ರಂದು ಸ್ಥಾಪನೆಯಾದ ಪ್ರಾಚ್ಯ ವಿದ್ಯಾ ಸಂಶೋಧನಾ ಸಂಸ್ಥೆ ಭಾರತದ ದೊಡ್ಡ ಹಸ್ತಪ್ರತಿ ಭಂಡಾರಗಳಲ್ಲಿ ಒಂದು. ಇಲ್ಲಿ 28 ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಇಲ್ಲಿನ 30 ಋಗ್ವೇದ ಹಸ್ತಪ್ರತಿಗಳನ್ನು 2007ರಲ್ಲಿ ಯುನೆಸ್ಕೊ ತನ್ನ 'ವಿಶ್ವ ಸ್ಮೃತಿ' ದಾಖಲೆಗೆ ಸೇರಿಸಿತು. ಈ ಸಂಸ್ಥೆಯ ಅತಿ ದೊಡ್ಡ ಕೆಲಸ ಮಹಾಭಾರತದ ಸಂಶೋಧಿತ ಆವೃತ್ತಿ. 1919ರಲ್ಲಿ ಶುರುವಾದ ಕೆಲಸ ಮುಗಿದದ್ದು 1966ರಲ್ಲಿ. ದೇಶದ ಬೇರೆ ಬೇರೆ ಲಿಪಿಗಳ 1,259 ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯ ಮಾಡಲಾಯಿತು. ವಿ.ಎಸ್. ಸುಕ್ತಂಕರ್ ಹಾಕಿದ ದಾರಿಯಲ್ಲಿ ಎರಡು ಮೂರು ತಲೆಮಾರಿನ ವಿದ್ವಾಂಸರು ದುಡಿದರು.

ಇಂಥ ಸಂಸ್ಥೆಯ ಮೇಲೆ 2004ರ ಜನವರಿ 5ರಂದು ಗುಂಪೊಂದು ದಾಳಿ ಮಾಡಿತು. ಶಿವಾಜಿ ಕುರಿತು ಅಮೆರಿಕದ ಲೇಖಕ ಜೇಮ್ಸ್ ಲೇನ್ ಬರೆದ ಪುಸ್ತಕ ವಿವಾದ ಎಬ್ಬಿಸಿತ್ತು. ಲೇಖಕ ತನ್ನ ಕೃತಜ್ಞತಾ ಮಾತಿನಲ್ಲಿ ಪುಣೆಯ ವಿದ್ವಾಂಸರನ್ನು ನೆನೆದಿದ್ದರು. ಪ್ರಕಾಶಕರು ಅಷ್ಟರಲ್ಲಾಗಲೇ ಭಾರತದಲ್ಲಿ ಪುಸ್ತಕ ಹಿಂಪಡೆದಿದ್ದರು. ಆದರೂ ಸಂಭಾಜಿ ಬ್ರಿಗೇಡ್‌ಗೆ ಸೇರಿದವರೆಂದು ಹೇಳಲಾದ ಗುಂಪು ಒಳನುಗ್ಗಿ ಪುಸ್ತಕ, ಕಪಾಟು, ಭಾವಚಿತ್ರಗಳನ್ನು ಹಾಳುಗೆಡವಿತು. ಪೊಲೀಸರು 72 ಜನರನ್ನು ಬಂಧಿಸಿದರು. 2017ರಲ್ಲಿ ಆರೋಪಿಗಳನ್ನು ನ್ಯಾಯಾಲಯ ಖುಲಾಸೆಗೊಳಿಸಿತು.

ಹಾನಿಯ ಹೊಣೆ ದಾಳಿಕೋರರದ್ದೇ, ಅದರಲ್ಲಿ ಎರಡು ಮಾತಿಲ್ಲ. ಗ್ರಂಥಾಲಯ ಸುಡುವವರಿಗೆ, ಒಡೆಯುವವರಿಗೆ ಯಾವ ಸಮರ್ಥನೆಯೂ ಇರಲಾರದು. ಆದರೆ ಘಟನೆಯ ಬಳಿಕ ಉಳಿದ ಪ್ರಶ್ನೆ ಬೇರೆ. ಸುಮಾರು 90 ವರ್ಷ ಒಂದೇ ಊರಿನಲ್ಲಿದ್ದ ಸಂಸ್ಥೆಯೊಳಗೆ ಏನಿದೆ, ಅದು ಯಾರ ಸ್ವತ್ತು ಎಂಬುದು ಆ ಊರಿನ ಎಷ್ಟು ಜನರಿಗೆ ಗೊತ್ತಿತ್ತು? ತಿಳಿಯದ ಸಂಸ್ಥೆಯ ಬಗ್ಗೆ ವದಂತಿ ಬೇಗ ಹರಡುತ್ತದೆ. ತಿಳಿದ ಸಂಸ್ಥೆಗೆ ತೊಂದರೆ ಬಂದಾಗ ನೆರೆಹೊರೆಯವರು ಬಂದು ನಿಲ್ಲುತ್ತಾರೆ. ಜನಸಂಪರ್ಕ ಎಂಬುದು ಸಂಸ್ಥೆಯ ಪ್ರಚಾರದ ವಿಷಯ ಮಾತ್ರವಲ್ಲ, ಅದರ ಸುರಕ್ಷತೆಯ ವಿಷಯವೂ ಹೌದು.

ಆ ಬಳಿಕದ ವರ್ಷಗಳಲ್ಲಿ ಸಂಸ್ಥೆ ಬಾಗಿಲು ತೆರೆಯುವ ಪ್ರಯತ್ನ ಮಾಡಿದೆ. ಹಸ್ತಪ್ರತಿಗಳ ಡಿಜಿಟಲೀಕರಣ, ಸಾರ್ವಜನಿಕ ಉಪನ್ಯಾಸಗಳು ನಡೆದಿವೆ. 2022ರ ಸೆಪ್ಟೆಂಬರ್‌ನಲ್ಲಿ 'ಭಾರತ ವಿದ್ಯಾ' ಎಂಬ ಆನ್‌ಲೈನ್ ವೇದಿಕೆಗೆ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಚಾಲನೆ ನೀಡಿದರು. ಮಹಾಭಾರತದ 18 ಪರ್ವಗಳ ಪರಿಚಯ ಸೇರಿದಂತೆ ಹಲವು ಕೋರ್ಸ್‌ಗಳನ್ನು ಯಾರು ಬೇಕಾದರೂ ಮನೆಯಲ್ಲೇ ಕಲಿಯಬಹುದು. ಸಂಶೋಧಕರ ಗುರುತಿನ ಚೀಟಿ ಇಲ್ಲದವರೂ ಒಳಗೆ ಬರುವ ದಾರಿ ಇದು. ಆದರೆ ಆನ್‌ಲೈನ್ ಕೋರ್ಸ್‌ಗೆ ಸೇರುವವರು ಈಗಾಗಲೇ ಆಸಕ್ತಿ ಇರುವವರು. ಆಸಕ್ತಿಯೇ ಹುಟ್ಟದವರ ಬಳಿ ಹೋಗುವುದು ಇನ್ನೂ ಬಾಕಿ ಇರುವ ಕೆಲಸ.

ಕೇಳ್ಕರ್ ಸಂಗ್ರಹ: 20 ಸಾವಿರ ವಸ್ತು, ಕಣ್ಣಿಗೆ ಬೀಳುವುದು 2,500

ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದ ಹಿಂದೆ ಒಬ್ಬ ತಂದೆಯ ದುಃಖವಿದೆ. ಕನ್ನಡಕದ ಅಂಗಡಿ ನಡೆಸುತ್ತಿದ್ದ, ಕವಿತೆಯನ್ನೂ ಬರೆಯುತ್ತಿದ್ದ ದಿನಕರ ಗಂಗಾಧರ ಕೇಳ್ಕರ್ ಅವರ ಮಗ ರಾಜಾ ಬಾಲ್ಯದಲ್ಲೇ ತೀರಿಕೊಂಡ. ಅವನ ನೆನಪಿಗೆ ಅವರು ಜೀವನವಿಡೀ ದೇಶ ಸುತ್ತಿ ಸಂಗ್ರಹಿಸಿದ್ದು ರಾಜರ ಕಿರೀಟಗಳನ್ನಲ್ಲ. ದೀಪ, ಅಡಕತ್ತರಿ, ಬಾಚಣಿಗೆ, ಕಾಲುಜ್ಜುವ ಕಲ್ಲು, ಅಡುಗೆ ಪಾತ್ರೆ, ಬಾಗಿಲುವಾಡ, ವಾದ್ಯ ಹೀಗೆ ಜನರ ದಿನಬಳಕೆಯ ಸಾಮಾನುಗಳನ್ನು. 1975ರಲ್ಲಿ ಈ ಸಂಗ್ರಹವನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. 1980ರಲ್ಲಿ ಪದ್ಮಶ್ರೀ ಬಂತು, 1990ರಲ್ಲಿ ನಿಧನರಾದರು.

ಸಾಮಾನ್ಯ ಜನರಿಗೆ ಇದಕ್ಕಿಂತ ಹತ್ತಿರದ ವಸ್ತುಸಂಗ್ರಹಾಲಯ ಸಿಗುವುದು ಕಷ್ಟ. ಉತ್ತರ ಕರ್ನಾಟಕದಿಂದ ಹೋದ ಅಜ್ಜಿಯೊಬ್ಬಳು ಅಲ್ಲಿನ ಅಡಕತ್ತರಿ, ಹಿತ್ತಾಳೆ ದೀಪ ನೋಡಿದರೆ ಮಾರ್ಗದರ್ಶಿಯ ಸಹಾಯವಿಲ್ಲದೆ ಮೊಮ್ಮಗನಿಗೆ ಕಥೆ ಹೇಳಬಲ್ಲಳು. ಸಮಸ್ಯೆ ಇರುವುದು ಜಾಗದ್ದು. ಒಟ್ಟು ಸಂಗ್ರಹ 20 ಸಾವಿರಕ್ಕೂ ಹೆಚ್ಚು, ಪ್ರದರ್ಶನದಲ್ಲಿರುವುದು ಸುಮಾರು 2,500. ಅಂದರೆ ಎಂಟು ವಸ್ತುಗಳಲ್ಲಿ ಏಳು ಕೋಣೆಯೊಳಗೆ ಉಳಿದಿವೆ. ನಗರದ ಹೊರವಲಯದ ಬಾವಧನದಲ್ಲಿ ದೊಡ್ಡ ಕಟ್ಟಡ ಕಟ್ಟುವ ಮಾತು ವರ್ಷಗಳಿಂದ ನಡೆಯುತ್ತಲೇ ಇದೆ.

ಹೊಸ ಕಟ್ಟಡ ಬರುವವರೆಗೆ ಕಾಯಲೇಬೇಕೆಂದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಪುಣೆ ಮೆಟ್ರೊದ ಭೂಗತ ಮಾರ್ಗ ಸ್ವಾರಗೇಟ್‌ವರೆಗೆ ತೆರೆದ ಮೇಲೆ ಮಂಡಈ ನಿಲ್ದಾಣ ಈ ವಸ್ತುಸಂಗ್ರಹಾಲಯದ ಹತ್ತಿರಕ್ಕೇ ಬಂದಿದೆ. ಹಿಂದೆ ಪಾರ್ಕಿಂಗ್ ಸಿಗದೆ ಹಳೆ ಪೇಠೆಗಳಿಗೆ ಹೋಗಲು ಹಿಂಜರಿಯುತ್ತಿದ್ದವರಿಗೆ ಈಗ ಅಡ್ಡಿ ಇಲ್ಲ. ಕಪಾಟಿನಲ್ಲಿರುವ ವಸ್ತುಗಳನ್ನು ಸರದಿಯಲ್ಲಿ ಶಾಲೆಗಳಿಗೆ, ಮೆಟ್ರೊ ನಿಲ್ದಾಣಗಳಿಗೆ, ಇತರ ಊರಿನ ವಸ್ತುಸಂಗ್ರಹಾಲಯಗಳಿಗೆ ಎರವಲು ಕೊಡುವುದು ಜಗತ್ತಿನ ಹಲವು ಕಡೆ ಇರುವ ಪದ್ಧತಿ. ಅದಕ್ಕೆ ಬೇಕಾಗುವುದು ವಿಮೆ, ಭದ್ರತೆ ಮತ್ತು ನಿರ್ಧಾರ ತೆಗೆದುಕೊಳ್ಳುವ ಅಧಿಕಾರಿ. ಸರ್ಕಾರಿ ವ್ಯವಸ್ಥೆಯಲ್ಲಿ ಕೊನೆಯದೇ ಕಷ್ಟದ್ದು.

ಪುಣೆಯ ರೀಲು, ಹೆಗ್ಗೋಡಿನ ಪ್ರೇಕ್ಷಕ

ಸಂಗ್ರಹಾಲಯವೇ ಜನರ ಬಳಿ ಹೋದ ಒಂದು ಕಥೆ ಕನ್ನಡದಲ್ಲೇ ಇದೆ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಯಿತು. ಪಿ.ಕೆ. ನಾಯರ್ ಎಂಬ ಅಧಿಕಾರಿ ಊರೂರು ಅಲೆದು, ಗುಜರಿಗೆ ಹೋಗುತ್ತಿದ್ದ ರೀಲುಗಳನ್ನೂ ಬಿಡದೆ ಕೂಡಿಟ್ಟು ಅದನ್ನು ಬೆಳೆಸಿದರು. ಇಂಥ ಸಂಸ್ಥೆ ತಡವಾಗಿ ಹುಟ್ಟಿದ್ದರ ನಷ್ಟ ಕನ್ನಡಕ್ಕೂ ತಟ್ಟಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣಗೊಂಡದ್ದು ಕೊಲ್ಹಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಇಲ್ಲ.

ನಾಯರ್ ಸಿನಿಮಾಗಳನ್ನು ಕೂಡಿಟ್ಟು ಸುಮ್ಮನಾಗಲಿಲ್ಲ, ಹೊರಗೆ ಕಳುಹಿಸಿದರು. 1970ರ ದಶಕದ ಕೊನೆಯಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅವರ ನೀನಾಸಮ್ ಸಿನಿಮಾ ರಸಗ್ರಹಣ ಶಿಬಿರ ನಡೆಸಿತು. ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಾಧ್ಯಾಪಕ ಸತೀಶ್ ಬಹದ್ದೂರ್ ಪಾಠ ಮಾಡಲು ಬಂದರು. ಅಡಕೆ ಬೆಳೆಗಾರರು, ಶಿಕ್ಷಕರು, ಗೃಹಿಣಿಯರು ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', ಕುರೊಸಾವಾ ಅವರ 'ರಾಶೋಮನ್', ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ನೋಡಿದರು. ಭಾಷೆ ತಿಳಿಯದ ಚಿತ್ರಕ್ಕೆ ಕನ್ನಡದಲ್ಲಿ ವಿವರಣೆ ಸಿಗುತ್ತಿತ್ತು, ಮುಗಿದ ಮೇಲೆ ಚರ್ಚೆ ನಡೆಯುತ್ತಿತ್ತು. ನಾಯರ್ ಕುರಿತು ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ತೆಗೆದ 'ಸೆಲ್ಯುಲಾಯ್ಡ್ ಮ್ಯಾನ್' ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆ ಚಿತ್ರಗಳನ್ನು ಇನ್ನೂ ನೆನಪಿಟ್ಟುಕೊಂಡು ಮಾತನಾಡುತ್ತಾರೆ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

'ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುವುದಿಲ್ಲ' ಎನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಹೆಗ್ಗೋಡಿನಲ್ಲಿ ಯಾರೂ ಸಿನಿಮಾವನ್ನು ಸರಳಗೊಳಿಸಲಿಲ್ಲ, ಹಾಡು ಸೇರಿಸಲಿಲ್ಲ. ನೋಡುವವರ ಭಾಷೆಯಲ್ಲಿ ಮಾತನಾಡಿದರು, ಅವರ ಅಭಿಪ್ರಾಯ ಕೇಳಿದರು. ಆ ಎರಡೇ ಬದಲಾವಣೆ ಸಾಕಾಯಿತು.

ಇತ್ತೀಚಿನ ಬೆಳವಣಿಗೆಯೂ ಗಮನಾರ್ಹ. 2022ರಲ್ಲಿ ಈ ಸಂಗ್ರಹಾಲಯವನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಂದಿಗೆ ವಿಲೀನ ಮಾಡಲಾಯಿತು. ಅದೇ ವರ್ಷ ಸುಮಾರು 2,200 ಚಿತ್ರಗಳನ್ನು 363 ಕೋಟಿ ರೂಪಾಯಿ ವೆಚ್ಚದಲ್ಲಿ ಪುನರುಜ್ಜೀವನಗೊಳಿಸುವ ಯೋಜನೆ ಪ್ರಕಟವಾಯಿತು. ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವಿದೇಶಿ ಸಂಸ್ಥೆಗಳ ನೆರವಿನಿಂದ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ವೆನಿಸ್‌ನಲ್ಲಿ ತೋರಿಸಿದ್ದು ಹೆಮ್ಮೆಯ ವಿಷಯ. ಶಿವಮೊಗ್ಗ, ಚಿಕ್ಕಮಗಳೂರಿನ ತಾಲ್ಲೂಕು ಕೇಂದ್ರಗಳಲ್ಲಿ ಅದೇ ಪ್ರತಿಯನ್ನು ದೊಡ್ಡ ಪರದೆಯ ಮೇಲೆ ತೋರಿಸಿ ಚರ್ಚೆ ನಡೆಸಿದರೆ ಮಾತ್ರ ಆ ಖರ್ಚು ಕನ್ನಡದ ಪ್ರೇಕ್ಷಕನಿಗೆ ತಲುಪುತ್ತದೆ.

ಯಾರ ಪರಂಪರೆ, ಯಾರಿಗೆ ಜಾಗ?

ಜನರನ್ನು ಒಳಗೆ ಕರೆಯುವ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ: ಒಳಗೆ ಯಾರ ಕಥೆ ಇದೆ? ಪುಣೆ ಎಂದರೆ ಪೇಶ್ವೆಗಳ ಶನಿವಾರವಾಡಾ ಎಂದು ಪ್ರವಾಸಿ ಕೈಪಿಡಿಗಳು ಹೇಳುತ್ತ ಬಂದಿವೆ. ಅದೇ ಹಳೆ ಪೇಠೆಯಲ್ಲಿ ಭಿಡೆ ವಾಡಾ ಎಂಬ ಕಟ್ಟಡವೂ ಇತ್ತು. 1848ರಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದ ಜಾಗ ಅದು. ದಶಕಗಳ ಕಾಲ ಅಲ್ಲಿ ಅಂಗಡಿಗಳು ನಡೆದವು, ಕಟ್ಟಡ ಶಿಥಿಲವಾಯಿತು. ಬಾಡಿಗೆದಾರರ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಮುಂದಿನ ತಿಂಗಳು ಪಾಲಿಕೆ ಆ ಕಟ್ಟಡವನ್ನು ಕೆಡವಿ ಸ್ಮಾರಕಕ್ಕೆ ಜಾಗ ಮಾಡಿತು.

ಸ್ಮಾರಕ ಬರಲಿದೆ, ಒಳ್ಳೆಯದೇ. ಆದರೆ ಶಾಲೆ ನಡೆದ ಗೋಡೆಗಳು ಉಳಿಯಲಿಲ್ಲ. ಅರಮನೆಗೆ ಸಿಕ್ಕ ಕಾಳಜಿ ಸಕಾಲದಲ್ಲಿ ಶಾಲೆಗೆ ಸಿಕ್ಕಿದ್ದರೆ ದೇಶದ ಲಕ್ಷಾಂತರ ವಿದ್ಯಾರ್ಥಿನಿಯರು ತಮ್ಮದೆಂದು ಬಂದು ನೋಡುವ ಕಟ್ಟಡ ಇಂದು ಇರುತ್ತಿತ್ತು. ಪರಂಪರೆಯ ಪಟ್ಟಿ ಸಿದ್ಧಪಡಿಸುವಾಗ ಯಾರನ್ನು ಬಿಡಲಾಗಿದೆಯೋ, ಅವರು ಪ್ರೇಕ್ಷಕರಾಗಿಯೂ ಬರುವುದಿಲ್ಲ. ದಲಿತರು, ಕಾರ್ಮಿಕರು, ಮಹಿಳೆಯರು, ವಲಸಿಗರು ವಸ್ತುಸಂಗ್ರಹಾಲಯಗಳಲ್ಲಿ ಕಾಣುವುದಿಲ್ಲ ಎಂದು ದೂರುವ ಮುನ್ನ ಗಾಜಿನ ಪೆಟ್ಟಿಗೆಯೊಳಗೆ ಅವರ ಬದುಕು ಇದೆಯೇ ಎಂದು ನೋಡಬೇಕಾಗುತ್ತದೆ.

ನಿಧಾನದ ಕೆಲಸವೂ ಬೇಕು

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಜನಪ್ರಿಯತೆಯ ಹೆಸರಿನಲ್ಲಿ ಸಂಶೋಧನೆ ಬಿಟ್ಟು ಲೇಸರ್ ಶೋ, ಸೆಲ್ಫಿ ಪಾಯಿಂಟ್‌ಗಳಿಗೆ ಹಣ ಸುರಿಯುವುದು ಹಲವು ಊರುಗಳಲ್ಲಿ ಕಾಣುವ ಚಿತ್ರ. ಪುಣೆಯ ಡೆಕ್ಕನ್ ಕಾಲೇಜು ಈ ವಿಷಯದಲ್ಲಿ ಬೇರೆಯದೇ ಪಾಠ ಹೇಳುತ್ತದೆ. ಅಲ್ಲಿ ಐತಿಹಾಸಿಕ ತತ್ವಗಳ ಆಧಾರದ ಸಂಸ್ಕೃತ ವಿಶ್ವಕೋಶೀಯ ನಿಘಂಟಿನ ಕೆಲಸ 1948ರಲ್ಲಿ ಆರಂಭವಾಯಿತು. ಇದರ ಹಿಂದಿದ್ದ ಭಾಷಾಶಾಸ್ತ್ರಜ್ಞ ಎಸ್.ಎಂ. ಕತ್ರೆ ಉತ್ತರ ಕನ್ನಡದ ಮೂಲದವರು. ಸುಮಾರು 1,500 ಗ್ರಂಥಗಳಿಂದ ಪದಗಳನ್ನು ಆರಿಸಿ ಬರೆದ ಚೀಟಿಗಳ ಸಂಖ್ಯೆ ಒಂದು ಕೋಟಿಯಷ್ಟಿದೆ. ಮೊದಲ ಸಂಪುಟ ಬಂದದ್ದು 1970ರ ದಶಕದಲ್ಲಿ. ಕೆಲಸ ಇನ್ನೂ ವರ್ಣಮಾಲೆಯ ಮೊದಲ ಅಕ್ಷರದ ಸುತ್ತಲೇ ಸಾಗಿದೆ.

ಪ್ರವಾಸಿಗರ ಸಂಖ್ಯೆಯಿಂದ ಇಂಥ ಕೆಲಸವನ್ನು ಅಳೆಯುವುದು ತಪ್ಪು. ಆದರೆ ಚೀಟಿಗಳಿಂದ ತುಂಬಿದ ಆ ಕೋಣೆಯ ಬಗ್ಗೆ ಪತ್ರಿಕೆಗಳು ಬರೆದಾಗಲೆಲ್ಲ ಓದುಗರು ಬೆರಗಿನಿಂದ ಓದಿದ್ದಾರೆ. ವಿದ್ವಾಂಸರು ತಮ್ಮ ಕೆಲಸ ಬದಲಿಸಬೇಕಿರಲಿಲ್ಲ, ಅದನ್ನು ವಿವರಿಸಿದರೆ ಸಾಕಿತ್ತು.

ಡೆಕ್ಕನ್ ಕಾಲೇಜಿನ ಇನ್ನೊಂದು ದೊಡ್ಡ ಕೆಲಸ ಕರ್ನಾಟಕದ ನೆಲದಲ್ಲೇ ನಡೆದಿದೆ. ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ತಂಡ ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿತು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ತಾಣ ಪತ್ತೆಯಾಯಿತು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜಿಸಲಾಗಿದೆ. ಜಗತ್ತಿನ ಪುರಾತತ್ವ ವಿದ್ಯಾರ್ಥಿಗಳು ಆ ಹೆಸರು ಓದುತ್ತಾರೆ. ಯಾದಗಿರಿಯಿಂದ ಪುಣೆಗೆ ದುಡಿಯಲು ಹೋಗುವ ಕಾರ್ಮಿಕನಿಗೆ ತನ್ನ ಊರಿನ ಕಲ್ಲು ಆ ನಗರದ ವಿದ್ವಾಂಸರಿಗೆ ಇಷ್ಟು ಮುಖ್ಯ ಎಂದು ಹೇಳಿದವರು ಯಾರು? ಹುಣಸಗಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದ ನಾಲ್ಕು ಫಲಕ ಹಾಕಲು ದೊಡ್ಡ ಅನುದಾನ ಬೇಕಾಗುವುದಿಲ್ಲ.

ಕರ್ನಾಟಕದ ಸಂಸ್ಥೆಗಳು ಎಲ್ಲಿವೆ?

ಕರ್ನಾಟಕದಲ್ಲಿ ಸಂಸ್ಥೆಗಳಿಗೆ ಬರವಿಲ್ಲ. 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರ ಕನ್ನಡ ಸಾಹಿತ್ಯ ಪರಿಷತ್ತು ಇಂದಿಗೂ ಕ್ರಿಯಾಶೀಲವಾಗಿವೆ. 1891ರಲ್ಲಿ ಹುಟ್ಟಿದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಗುರುತಿಸಿ 1909ರಲ್ಲಿ ಪ್ರಕಟಿಸಿದ್ದು. ಧಾರವಾಡದಲ್ಲಿ ಬೇಂದ್ರೆ, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಹೆಸರಿನ ಸ್ಮಾರಕ ಟ್ರಸ್ಟ್‌ಗಳಿವೆ. ಸವಾಯಿ ಗಂಧರ್ವರ ಊರು ಕುಂದಗೋಳದ ನಾಡಗೀರ ವಾಡೆಯಲ್ಲಿ ಸಂಗೀತೋತ್ಸವ ನಡೆಯುತ್ತದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಕಲಿತ ಊರು ಅದು.

ಕೊರತೆ ಇರುವುದು ಬೇರೆ ಕಡೆ. ಸರ್ಕಾರಿ ಅನುದಾನದ ಮೇಲೆ ನಿಂತ ಟ್ರಸ್ಟ್‌ನ ವರ್ಷ ಜಯಂತಿ ಮತ್ತು ಪುಣ್ಯತಿಥಿಗಳ ಸುತ್ತ ತಿರುಗುತ್ತದೆ. ವೇದಿಕೆಯ ಮೇಲೆ ಅತಿಥಿಗಳ ಸಾಲು, ಎದುರಿಗೆ ಅದೇ ಪರಿಚಿತ ಮುಖಗಳು, ಪ್ರವೇಶ ಉಚಿತವಾದರೂ ಖಾಲಿ ಕುರ್ಚಿಗಳು. ಅನುದಾನ ಬಂದರೆ ಕಾರ್ಯಕ್ರಮ, ತಡವಾದರೆ ಇಲ್ಲ. ಪುಣೆಯ ಸಂಗೀತೋತ್ಸವದಲ್ಲಿ ಟಿಕೆಟ್ ಕೊಂಡು ಬಂದವನಿಗೆ ಉತ್ಸವ ತನ್ನದೆಂಬ ಭಾವನೆ ಇರುತ್ತದೆ. ಇಲ್ಲಿ ಆಮಂತ್ರಣ ಪತ್ರಿಕೆ ಸಿಕ್ಕವನಿಗೆ ತಾನು ಅತಿಥಿ ಎಂಬ ಭಾವನೆ ಇರುತ್ತದೆ. ಈ ವ್ಯತ್ಯಾಸ ಸಣ್ಣದಾಗಿ ಕಂಡರೂ ಸಂಸ್ಥೆಯ ಆಯುಷ್ಯ ಅದರ ಮೇಲೆ ನಿಂತಿದೆ.

ಯುವಜನರ ವಿಷಯದಲ್ಲೂ ಪುಣೆಯಲ್ಲಿ ಒಂದು ಮಾದರಿ ಇದೆ. ಮಹಾರಾಷ್ಟ್ರೀಯ ಕಲೋಪಾಸಕ ಸಂಸ್ಥೆ 1963ರಿಂದ ನಡೆಸುತ್ತಿರುವ ಪುರುಷೋತ್ತಮ ಕರಂಡಕ ಅಂತರಕಾಲೇಜು ಏಕಾಂಕ ನಾಟಕ ಸ್ಪರ್ಧೆ ಮರಾಠಿ ರಂಗಭೂಮಿ ಮತ್ತು ಸಿನಿಮಾಕ್ಕೆ ಹಲವು ಪ್ರತಿಭೆಗಳನ್ನು ಕೊಟ್ಟಿದೆ. ಅಲ್ಲಿ ವಿದ್ಯಾರ್ಥಿಗಳು ಹಿರಿಯರ ಭಾಷಣ ಕೇಳಲು ಬರುವುದಿಲ್ಲ. ಅವರೇ ಬರೆಯುತ್ತಾರೆ, ಅವರೇ ಆಡುತ್ತಾರೆ, ಗೆಳೆಯರ ದಂಡು ನೋಡಲು ಬರುತ್ತದೆ.

ಮುಂದಿನ ದಾರಿ

ಪುಣೆಯ ಅನುಭವವನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಜನರಿಗೆ ಮಾಡಲು ಏನಾದರೂ ಕೆಲಸ ಕೊಟ್ಟ ಸಂಸ್ಥೆಗಳು ಬೆಳೆದಿವೆ. ಸವಾಯಿ ಉತ್ಸವ ಕೇಳುಗರನ್ನು ಬೆಳೆಸಿತು, ಹೆಗ್ಗೋಡಿನ ಶಿಬಿರ ನೋಡಿದವರನ್ನು ಮಾತನಾಡಿಸಿತು, ನಾಟಕ ಸ್ಪರ್ಧೆ ವಿದ್ಯಾರ್ಥಿಗಳನ್ನು ವೇದಿಕೆಗೆ ಹತ್ತಿಸಿತು. ಕಾಪಾಡುವುದೊಂದೇ ತಮ್ಮ ಕೆಲಸ ಎಂದುಕೊಂಡ ಸಂಸ್ಥೆಗಳು ಎಷ್ಟೇ ದೊಡ್ಡದಿದ್ದರೂ ಒಂಟಿಯಾಗಿ ಉಳಿದಿವೆ.

ಇದರಿಂದ ಕರ್ನಾಟಕದ ಸಂಸ್ಥೆಗಳಿಗೆ ಕೆಲವು ಕೆಲಸಗಳು ತಾವಾಗಿಯೇ ಹೊಳೆಯುತ್ತವೆ. ಸಂಗ್ರಹದಲ್ಲಿ ಏನಿದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ, ಎಲ್ಲರಿಗೂ ಸಿಗುವಂತೆ ಪ್ರಕಟಿಸುವುದು. ಕೆಲಸಕ್ಕೆ ಹೋಗುವವರೂ ಬರುವಂತೆ ಸಂಜೆ ಮತ್ತು ಭಾನುವಾರ ಬಾಗಿಲು ತೆರೆಯುವುದು. ಜಯಂತಿಯ ಒಂದು ದೊಡ್ಡ ಸಮಾರಂಭದ ಖರ್ಚಿನಲ್ಲಿ ವರ್ಷವಿಡೀ ಹತ್ತು ಶಾಲೆಗಳಿಗೆ ಹೋಗಿ ಬರುವುದು. ಹೊರರಾಜ್ಯದ ಸಂಸ್ಥೆಗಳಲ್ಲಿರುವ ಕನ್ನಡದ ಚಲನಚಿತ್ರ, ಧ್ವನಿಮುದ್ರಿಕೆ, ಪುರಾತತ್ವ ಸಾಮಗ್ರಿಗಳ ಪ್ರತಿಗಳನ್ನಾದರೂ ಅವು ಹುಟ್ಟಿದ ಊರುಗಳಿಗೆ ತರಲು ಸರ್ಕಾರದ ಮಟ್ಟದಲ್ಲಿ ಮಾತುಕತೆ ನಡೆಸುವುದು. ಎಷ್ಟು ಜನ ಬಂದರು ಎಂಬ ಲೆಕ್ಕದ ಜೊತೆಗೆ ಎಷ್ಟು ಜನ ಎರಡನೇ ಸಲ ಬಂದರು ಎಂದೂ ಬರೆದಿಡುವುದು.

ಭೀಮಸೇನ ಜೋಶಿ ಮರಾಠಿಗರಿಗೆ 'ಸಂತವಾಣಿ' ಹಾಡಿದರು, ಕನ್ನಡಿಗರಿಗೆ 'ದಾಸವಾಣಿ' ಹಾಡಿದರು. ಶಾಸ್ತ್ರೀಯ ಸಂಗೀತ ತಿಳಿಯದ ಮನೆಗಳಲ್ಲೂ ಇವತ್ತು ಬೆಳಿಗ್ಗೆ ಅವರ ದನಿ ಕೇಳುತ್ತದೆ. ಅದಕ್ಕಾಗಿ ಅವರು ತಮ್ಮ ಗಾಯಕಿಯನ್ನು ತೆಳುಗೊಳಿಸಲಿಲ್ಲ, ಕೇಳುವವರಿಗೆ ಆಗಲೇ ಗೊತ್ತಿದ್ದ ಪದಗಳನ್ನು ಎತ್ತಿಕೊಂಡರು. ಪುಣೆಯ ಹಸ್ತಪ್ರತಿ ಭಂಡಾರಕ್ಕಾಗಲಿ ಧಾರವಾಡದ ಟ್ರಸ್ಟ್‌ಗಾಗಲಿ ಬೇಕಿರುವುದು ಅಂಥದೇ ಒಂದು ಪರಿಚಿತ ಪದ. ಅದನ್ನು ಹುಡುಕಲು ಸಂಸ್ಥೆಯವರು ಮೊದಲು ತಮ್ಮ ಕಚೇರಿಯಿಂದ ಹೊರಗೆ ಬಂದು ಪಕ್ಕದ ಬೀದಿಯವರ ಜೊತೆ ಮಾತನಾಡಬೇಕಿದೆ.